ಬಲಗಡೆಯ ದೀಪ

ಮನೆಯವರು ಇಟ್ಟ ಹೆಸರು ಏನೇ ಇರಲಿ, ಆ ಬೀದಿಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ವೈರಕ್ಕ ಎಂದು. ತರಕಾರಿಯವನೂ ಹಾಗೇ ಕರೆಯುತ್ತಿದ್ದ, ಬ್ಯಾಂಕಿನ ಕಿಟಕಿಯ ಹಿಂದೆ ಕೂತವಳೂ ಹಾಗೇ ಕರೆಯುತ್ತಿದ್ದಳು. ಆಕೆಗೆ ಅದರಲ್ಲಿ ಬೇಸರವಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಕೈ ಹಿಡಿದದ್ದು ಆ ವೈರುಗಳೇ.

ಆಗ ಊರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ಕಾರುಗಳಿಗೆ ಬೇಕಾದ ವೈರಿನ ಕಟ್ಟುಗಳನ್ನು ತಯಾರಿಸುತ್ತಿದ್ದರು. ಬಾಗಿಲಿನಷ್ಟು ದೊಡ್ಡ ಹಲಗೆ, ಅದರ ತುಂಬ ಮೊಳೆಗಳು. ಮೊಳೆಗಳ ನಡುವೆ ಕೆಂಪು, ಕಪ್ಪು, ಹಳದಿ, ನೀಲಿ ವೈರುಗಳನ್ನು ಹಾಯಿಸಬೇಕು. ತುದಿಯ ಪ್ಲಾಸ್ಟಿಕ್ ಸುಲಿದು, ಬರಿಯ ತಾಮ್ರಕ್ಕೆ ಲಗ್ಗು ಎನ್ನುವ ಹಿತ್ತಾಳೆಯ ಹಿಡಿಕೆ ಇಟ್ಟು, ಇಕ್ಕಳದಿಂದ ಒತ್ತಬೇಕು. ಮೇಲೆ ಟೇಪು ಸುತ್ತಿ ಹಲಗೆಯಿಂದ ಎತ್ತಿದರೆ ಒಂದು ಕಾರಿನ ನರಗಳೆಲ್ಲ ಒಂದೇ ಕೈಯಲ್ಲಿ. ಹನ್ನೆರಡು ವರ್ಷ ಆಕೆ ಹಲಗೆಯ ಮುಂದೆ ನಿಂತಳು. ಆಮೇಲಿನ ಒಂಬತ್ತು ವರ್ಷ ತಪಾಸಣೆಯ ಮೇಜು. ಆಕೆ ನೋಡಿ ಕಳಿಸಿದ ಕಟ್ಟು ಒಂದೂ ವಾಪಸ್ ಬಂದಿರಲಿಲ್ಲ. ಇದನ್ನು ಆಕೆ ಜಂಬಕ್ಕೆ ಹೇಳುತ್ತಿರಲಿಲ್ಲ, ತನ್ನ ಎತ್ತರ ಎಷ್ಟು ಎಂದು ಹೇಳುವ ಹಾಗೆ ಹೇಳುತ್ತಿದ್ದಳು.

ಕಾರ್ಖಾನೆ ಬೇರೆ ಊರಿಗೆ ಎದ್ದುಹೋದಾಗ ಆಕೆಗೆ ನಲವತ್ತು. ಗಂಡ ಕಾರುಗಳಿಗೆ ಬಣ್ಣ ಹೊಡೆಯುವವನು. ಮನೆಯ ಹಿಂದೆಯೇ ತಗಡಿನ ಶೆಡ್ಡು. "ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಶೆಡ್ಡಿಗೆ ಬಾ. ನಾನು ಬಿಚ್ಚಿ ಗುಡ್ಡೆ ಹಾಕಿರೋ ವೈರು ನೋಡು, ಅಲ್ಲೇ ಬೇಕಾದಷ್ಟು ಕೆಲಸ ಇದೆ" ಎಂದು ಅವನೇ ಕರೆದ. ಹೀಗೆ ಬಣ್ಣದ ಅಂಗಡಿ ಬಣ್ಣ ಮತ್ತು ವೈರಿಂಗಿನ ಅಂಗಡಿಯಾಯಿತು. ಗಂಡನ ತಂಗಿ, ತನ್ನ ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಸಮೇತ ಇವರ ಮನೆಗೆ ಬಂದವಳು, ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವಳು ಸೀಟಿನ ಹೊದಿಕೆ ಹೊಲಿಯಲು ಕಲಿತ ಮೇಲಂತೂ ಹಳೆಯ ಕಾರು ಒಂದು ಕಡೆಯಿಂದ ಶೆಡ್ಡಿನೊಳಗೆ ಹೋದರೆ ಇನ್ನೊಂದು ಕಡೆಯಿಂದ ಮದುಮಗಳ ಹಾಗೆ ಹೊರಗೆ ಬರುತ್ತಿತ್ತು. ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು. ನಡುನಡುವೆ ವ್ಯಾನು, ಟೆಂಪೋಗಳ ಸಣ್ಣಪುಟ್ಟ ಕೆಲಸ.

ಈ ಕಥೆ ನಡೆದಾಗ ವೈರಕ್ಕನಿಗೆ ಐವತ್ತೆರಡು, ಪೇಂಟರನಿಗೆ ಐವತ್ತೆಂಟು.

ಕಾರು ತಂದವರು ನಿವೃತ್ತರಾದ ರೈಲು ಚಾಲಕರು. ಮನೆಯವರೆಲ್ಲ ಅವರನ್ನು ರೈಲು ಯಜಮಾನರು ಎಂದೇ ಕರೆಯುತ್ತಿದ್ದರು. ಯಾವುದೋ ಗೋದಾಮಿನಲ್ಲಿ ಇಪ್ಪತ್ತು ವರ್ಷ ಮೂಲೆ ಹಿಡಿದಿದ್ದ, ತಮಗಿಂತ ಹದಿನಾಲ್ಕು ವರ್ಷವಷ್ಟೇ ಚಿಕ್ಕದಾದ ಕಾರನ್ನು ಅವರು ಲಾರಿಯ ಮೇಲೆ ಹೇರಿಸಿಕೊಂಡು ಬಂದಿದ್ದರು. ಬಾನೆಟ್ಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ವೈರುಗಳ ಮೇಲಿನ ಪ್ಲಾಸ್ಟಿಕ್ಕನ್ನು ಅವು ತಿಂದು ತೇಗಿದ್ದವು.

"ಇದನ್ನೇ ಯಾಕೆ ತಗೊಂಡ್ರಿ ಯಜಮಾನ್ರೇ? ಹೊಸದು ಬರ್ತಿತ್ತಲ್ಲ" ಎಂದು ನಾದಿನಿ ಕೇಳಿದಳು.

"ಮೂವತ್ತೆಂಟು ವರ್ಷ ಗಾಡಿ ಓಡಿಸ್ದೆ ತಾಯಿ. ಒಂದು ಸಲಾನೂ ತಿರುಗಿಸ್ಲಿಲ್ಲ" ಎಂದರು ಅವರು. "ಹಳಿ ಎಲ್ಲಿಗೆ ಕರ್ಕೊಂಡು ಹೋಗುತ್ತೋ ಅಲ್ಲಿಗೆ ಹೋಗೋದು. ಇನ್ನಾದ್ರೂ ನನಗೆ ಬೇಕಾದ ಕಡೆ ತಿರುಗಿಸೋಣ ಅಂತ. ಈ ಮಾಡೆಲ್ಲು ಚಿಕ್ಕವನಿದ್ದಾಗ ನೋಡಿ ಆಸೆಪಟ್ಟಿದ್ದು."

ಆ ದಿನ ಸಂಜೆ ಪೇಂಟರ್ ಕಾರಿನ ಸುತ್ತ ಎರಡು ಸುತ್ತು ಬಂದು, ತುಕ್ಕು ಹಿಡಿದ ಬಾಗಿಲನ್ನು ಬೆರಳಿನಿಂದ ತಟ್ಟಿ, "ಪೂರ್ತಿ ಗಾಡಿ ಅಂತ ಇದೇ ಕೊನೇದು ಕಣೇ. ಇನ್ಮೇಲೆ ಬಾಗಿಲು, ಬಂಪರು ಅಷ್ಟೆ" ಎಂದ. ಅವನ ಬಲಗೈ ಎರಡು ವರ್ಷದಿಂದ ನಡುಗುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟಿದ್ದರು, ಮಾತ್ರೆ ನುಂಗಿದರೆ ನಿದ್ದೆ ಬರುತ್ತಿತ್ತೇ ಹೊರತು ನಡುಕ ನಿಲ್ಲುತ್ತಿರಲಿಲ್ಲ. ಸ್ಪ್ರೇ ಗನ್ ಹಿಡಿದಾಗ ಮೊಣಕೈಯನ್ನು ಪಕ್ಕೆಗೆ ಒತ್ತಿ, ತೋಳು ಬಿಟ್ಟು ಇಡೀ ಮೈಯನ್ನೇ ಆ ಕಡೆಯಿಂದ ಈ ಕಡೆಗೆ ಸರಿಸುವುದನ್ನು ಅವನು ರೂಢಿ ಮಾಡಿಕೊಂಡಿದ್ದ. ನೋಡಿದವರಿಗೆ ಯಾರೋ ನಿಧಾನವಾಗಿ ಕುಣಿಯುತ್ತಿದ್ದಾರೆ ಅನ್ನಿಸಬೇಕು. ಬಣ್ಣ ಮಾತ್ರ ನೀರು ನಿಂತಂತೆ ಕೂರುತ್ತಿತ್ತು.

ಎಂಟು ತಿಂಗಳು ಕೆಲಸ ನಡೆಯಿತು. ತಗಡಿನ ಕೆಲಸ, ಬಿರುಕು ಮುಚ್ಚುವ ಪುಟ್ಟಿ, ಉಜ್ಜುವುದು, ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ಬಣ್ಣ ಕಡುಹಸಿರು. ಕಣ್ಣಿಗೆ ಕಾಣುವ ಜಾಗಕ್ಕಷ್ಟೇ ಅಲ್ಲ, ಬಾನೆಟ್ಟಿನ ಒಳಗೆ, ಮಡ್‌ಗಾರ್ಡಿನ ಹಿಂದೆ, ಬ್ಯಾಟರಿ ಕೂರುವ ತಟ್ಟೆಯ ಅಡಿಗೆ, ಎಲ್ಲೆಲ್ಲೂ ಅದೇ ಹಸಿರು, ಅದೇ ಹೊಳಪು. ವೈರಕ್ಕ ಇಲಿ ತಿಂದ ಹಳೆಯ ಕಟ್ಟನ್ನು ನೆಲದ ಮೇಲೆ ಹರಡಿ, ಹಲಗೆಗೆ ಮೊಳೆ ಹೊಡೆದು, ವೈರಿಗೆ ವೈರು, ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಸ ಕಟ್ಟು ಮಾಡಿದಳು. ಒಟ್ಟು ನೂರಾ ಹನ್ನೆರಡು ಲಗ್ಗುಗಳು. ನಾದಿನಿ ಕಂದು ಬಣ್ಣದ ಸೀಟು ಹೊಲಿದಳು. ಹೊಲಿಗೆ ಒಂದು ನೂಲಿನಷ್ಟೂ ಸೊಟ್ಟಗಿರಲಿಲ್ಲ.

ಕಾರು ಹೊರಗೆ ಬಂದ ದಿನ ರೈಲು ಯಜಮಾನರು ಅದರ ಸುತ್ತ ಒಂದು ಸುತ್ತು ಬಂದರು. ಆಮೇಲೆ ಕರವಸ್ತ್ರ ತೆಗೆದು, ಕಣ್ಣು ಒರೆಸಿಕೊಳ್ಳುತ್ತಾರೋ ಅಂದುಕೊಂಡರೆ, ಬಾಗಿಲಿನ ಹಿಡಿಯ ಮೇಲೆ ತಮ್ಮ ಬೆರಳಿನ ಗುರುತು ಬಿದ್ದದ್ದನ್ನು ಒರೆಸಿದರು. ಹಾರ್ನ್ ಹೊಡೆದು ನೋಡಿದರು, ವೈಪರ್ ಹಾಕಿದರು, ದೀಪ ಹಾಕಿದರು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ದೀಪವೂ ಉರಿಯುತ್ತಿದ್ದದ್ದು ಕಂಡಿತು. ಎಷ್ಟು ಉರಿಯುತ್ತಿವೆ ಎಂಬುದು ಯಾರಿಗೂ ಕಾಣಲಿಲ್ಲ.

ಅದು ಕಂಡದ್ದು ವಾಹನ ತಪಾಸಣೆಯ ಕಚೇರಿಯಲ್ಲಿ. ಅಲ್ಲಿ ದೀಪದ ಮುಂದೆ ಒಂದು ಪೆಟ್ಟಿಗೆಯಿಟ್ಟು ಬೆಳಕನ್ನು ಅಳೆಯುತ್ತಾರೆ. ಎಡಗಡೆಯದು ಪಾಸಾಯಿತು. ಬಲಗಡೆಯದು ಅರ್ಧವೂ ಇಲ್ಲ. "ಗಾಡಿ ಚಿನ್ನದ ಹಾಗಿದೆ ಸ್ವಾಮಿ, ಆದ್ರೆ ಒಂದು ಕಣ್ಣಿಗೆ ಪೊರೆ ಬಂದಿದೆ" ಎಂದು ತಪಾಸಣಾಧಿಕಾರಿ ಕಾಗದದ ಮೇಲೆ ಕೆಂಪು ಗೆರೆ ಎಳೆದ. ದಾರಿಯಲ್ಲಿನ ಅಂಗಡಿಯವನು ಬಲ್ಬು ಬದಲಾಯಿಸಿದರೆ ಸರಿಹೋಗುತ್ತದೆ ಎಂದ. ಬದಲಾಯಿಸಿದರು, ಸರಿಹೋಗಲಿಲ್ಲ. ಆ ಬಲ್ಬೇ ಸರಿಯಿಲ್ಲ ಎಂದು ಇನ್ನೊಂದು ಕೊಟ್ಟ. ಯಜಮಾನರು ಮಾರನೆಯ ಬೆಳಿಗ್ಗೆ ಜೇಬಿನಲ್ಲಿ ಎರಡು ಬಲ್ಬು ಇಟ್ಟುಕೊಂಡು ಶೆಡ್ಡಿನ ಮುಂದೆ ಕಾರು ನಿಲ್ಲಿಸಿದರು.

"ಅಮ್ಮಾ, ರೈಲಲ್ಲಿ ಮುಂದಿನ ದೀಪ ಕೆಟ್ಟರೆ ಗಾಡಿ ಬಿಡೋ ಹಾಗೇ ಇಲ್ಲ. ಸ್ಟೇಷನ್‌ನಲ್ಲೇ ನಿಲ್ಲಿಸಿಬಿಡ್ತಾರೆ. ಇದನ್ನ ಇಲ್ಲೇ ನಿಲ್ಲಿಸ್ತೀನಿ. ಸರಿಯಾದ್ಮೇಲೇ ತಗೊಂಡು ಹೋಗೋದು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅದೇ ವೈರಕ್ಕನಿಗೆ ಹೆಚ್ಚು ಚುಚ್ಚಿತು. ಮೂವತ್ತು ವರ್ಷದಲ್ಲಿ ಆಕೆಯ ಕೈಯಿಂದ ಹೋದ ಕೆಲಸ ಮೊದಲ ಸಲ ವಾಪಸ್ ಬಂದಿತ್ತು.

ಆಕೆ ಶೆಡ್ಡಿನ ಎರಡೂ ಬಾಗಿಲು ಎಳೆದುಕೊಂಡು, ಕಾರನ್ನು ಹಿಂದಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ದೀಪ ಹಾಕಿದಳು. ಗೋಡೆಯ ಮೇಲೆ ಎಡಗಡೆ ಬಿಳಿಯ ಬೆಳಕು, ಬಲಗಡೆ ಹಳದಿ. ಕಾಯಿಲೆಯವರ ಕಣ್ಣಿನ ಹಳದಿ. ಮೊದಲು ಎಡಗಡೆಯ ಬಲ್ಬನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿ ನೋಡಿದಳು. ಹಳದಿ ಬಲಗಡೆಯೇ ಉಳಿಯಿತು. ಅಲ್ಲಿಗೆ ಬಲ್ಬಿನ ಮೇಲಿನ ಆಪಾದನೆ ಬಿದ್ದುಹೋಯಿತು. ಬಲಗಡೆ ತಿರುಗುವ ಸೂಚಕ ದೀಪ ಹಾಕಿದರೆ, ಅದು ಮಿಣುಕಿದಾಗೆಲ್ಲ ಬಲಗಡೆಯ ದೊಡ್ಡ ದೀಪವೂ ಜೊತೆಗೇ ಒಂದಿಷ್ಟು ಕುಗ್ಗುತ್ತಿತ್ತು, ಅಳುವ ಮಗುವಿನ ಜೊತೆ ಇನ್ನೊಂದು ಮಗು ಮುಸಿಮುಸಿ ಅನ್ನುವ ಹಾಗೆ.

ಅದನ್ನು ನೋಡಿದ ಕೂಡಲೇ ಆಕೆಗೆ ಅಂದಾಜು ಸಿಕ್ಕಿತು. ಕಾರಿನಲ್ಲಿ ದೀಪಕ್ಕೆ ಕರೆಂಟು ವೈರಿನಲ್ಲಿ ಬರುತ್ತದೆ, ಆದರೆ ವಾಪಸ್ ಹೋಗುವುದು ಕಾರಿನ ತಗಡಿನ ಮೂಲಕವೇ. ಹಾಗೆ ವಾಪಸ್ ಹೋಗುವ ದಾರಿಗೆ ಅರ್ಥ್, ಅಂದರೆ ನೆಲ, ಎನ್ನುತ್ತಾರೆ. ದೀಪದಿಂದ ಹೊರಟ ಕಪ್ಪು ವೈರನ್ನು ಮಡ್‌ಗಾರ್ಡಿನ ಒಳಬದಿಗೆ ಒಂದು ಬೋಲ್ಟಿನಿಂದ ಬಿಗಿದಿರುತ್ತಾರೆ. ಆ ಜಾಗದಲ್ಲಿ ತಗಡು ಬೆತ್ತಲೆಯಾಗಿರಬೇಕು, ಬಣ್ಣ ಇರಕೂಡದು. ಒಂದೇ ಬೋಲ್ಟಿಗೆ ಎರಡು ದೀಪದ ವೈರು ಬಿಗಿದಿದ್ದರೆ, ದಾರಿ ಇಕ್ಕಟ್ಟಾದಾಗ ಒಂದರ ಕರೆಂಟು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಬಲಗಡೆ ಹಾಗೇ ಬಿಗಿದಿತ್ತು.

ಆಕೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿ, ಇನ್ನೊಂದನ್ನು ಉರಿಯುತ್ತಿರುವ ದೀಪದ ಕಪ್ಪು ವೈರಿಗೆ ಮುಟ್ಟಿಸಿದಳು. ದಾರಿ ಸರಿಯಿದ್ದರೆ ಸೊನ್ನೆಯ ಹತ್ತಿರ ಇರಬೇಕು. ಮೀಟರು ಮೂರು ವೋಲ್ಟ್ ತೋರಿಸಿತು. ಎಡಗಡೆ ನೋಡಿದಳು. ಅಲ್ಲಿ ಸೊನ್ನೆಯೇ.

ಬೋಲ್ಟು ಬಿಚ್ಚಿದಳು. ಅದರ ಕೆಳಗೆ ಹಸಿರು ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ರೀ, ಇಲ್ಲಿ ಬನ್ನಿ" ಎಂದು ಕರೆದಳು. ಗಂಡ ಚಹಾದ ಲೋಟ ಎಡಗೈಯಲ್ಲಿ ಹಿಡಿದು ಬಂದ. "ಅರ್ಥ್ ಇಲ್ಲ ಇದಕ್ಕೆ. ನೀವು ಬಣ್ಣ ಹೊಡೆದು ನೆಲಾನೇ ಮುಚ್ಚಿಬಿಟ್ಟಿದ್ದೀರ."

ಪೇಂಟರ್ ಬಗ್ಗಿ ನೋಡಿದ. ಮುಖ ಕೆಂಪಾಯಿತು. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ" ಎಂದ.

"ಮೀಟರ್ ಹೇಳ್ತಾ ಇದೆ, ನಾನಲ್ಲ."

"ಮೀಟರ್ ಹಿಡಿದಿರೋದು ಯಾರು? ನಾನು ಈ ಕೆಲಸಕ್ಕೆ ಬಂದಾಗ ನೀನು ಲಂಗ ಹಾಕ್ಕೊಂಡು ಓಡಾಡ್ತಿದ್ದೆ."

"ಆಗ್ಲೂ ಕರೆಂಟು ಬಣ್ಣದೊಳಗೆ ಹರೀತಿರ್ಲಿಲ್ಲ."

ಗಲಾಟೆ ಕೇಳಿ ನಾದಿನಿ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದಳು. "ಏನಣ್ಣ, ಏನತ್ತಿಗೆ? ಬೀದಿ ಕೊನೇವರೆಗೂ ಕೇಳಿಸ್ತಾ ಇದೆ."

"ನಿನ್ನ ಅತ್ತಿಗೆ ನನ್ನ ಬಣ್ಣ ಕೆರೀತಾಳಂತೆ" ಎಂದ ಪೇಂಟರ್. "ಎಂಟು ತಿಂಗಳು. ಎಂಟು ತಿಂಗಳು ಹೊಡೆದಿದ್ದು. ಉಗುರು ತಾಗಿಸೋಕೂ ನಾನು ಬಿಡಲ್ಲ." ಲೋಟವನ್ನು ಕಿಟಕಿಯ ಮೇಲೆ ಇಟ್ಟು ಹೊರಗೆ ಹೋದ.

ವೈರಕ್ಕ ಅವನು ಬರುವ ತನಕ ಕೆರೆಯಲಿಲ್ಲ. ಅದು ಹೆದರಿಕೆಯಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವನ ಬಣ್ಣವನ್ನು ಅವನಿಗೆ ಹೇಳದೆ ಮುಟ್ಟಿದವಳಲ್ಲ. ಆದರೆ ಒಂದು ವಿಷಯ ಅರ್ಥವಾಗುತ್ತಿರಲಿಲ್ಲ. ಇಷ್ಟು ವರ್ಷ ಅವನೇ ಪ್ರತಿ ಅರ್ಥ್ ಬೋಲ್ಟಿನ ಜಾಗಕ್ಕೂ ಕಾಗದದ ಟೇಪನ್ನು ನಾಣ್ಯದಷ್ಟು ಗುಂಡಗೆ ಕತ್ತರಿಸಿ ಅಂಟಿಸಿ, ಬಣ್ಣ ಒಣಗಿದ ಮೇಲೆ ಕಿತ್ತು ತೆಗೆಯುತ್ತಿದ್ದ. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಸಲ ಮರೆತನೇ? ಎಡಗಡೆ ಮರೆತಿರಲಿಲ್ಲವಲ್ಲ.

ಊಟದ ಹೊತ್ತಿಗೆ ಅವನು ಬಂದ. ಕೈ ತೊಳೆದು, ತಟ್ಟೆಯ ಮುಂದೆ ಕೂತು, ಊಟಕ್ಕೆ ಕೈ ಹಾಕದೆ ಹೇಳಿದ: "ಮರೆತಿದ್ದಲ್ಲ."

"ಮತ್ತೆ?"

"ಎಡಗಡೆ ಅಂಟಿಸ್ದೆ. ಬಲಗಡೆ ಮೂಲೆಯೊಳಗೆ ಕೈ ತೂರಿಸಿ ಅಂಟಿಸ್ಬೇಕು, ಮೊಣಕೈ ಊರೋಕೆ ಜಾಗ ಇಲ್ಲ. ಮೂರು ಸಲ ಹಾಕ್ದೆ, ಮೂರು ಸಲಾನೂ ಸೊಟ್ಟ. ನಾಲ್ಕನೇ ಸಲ ಟೇಪು ನೆಲಕ್ಕೆ ಬಿತ್ತು. ಆಮೇಲೆ ಕೆರೆದರಾಯ್ತು ಅಂತ ಹೊಡೆದುಬಿಟ್ಟೆ. ಆಮೇಲೆ..." ಅವನು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. "ಹೊಡೆದ ಮೇಲೆ ಅಷ್ಟು ಚೆನ್ನಾಗಿ ಬಂದಿತ್ತು. ಕೆರೆಯೋಕೆ ಮನಸ್ಸು ಬರ್ಲಿಲ್ಲ."

"ನನ್ನ ಕರೀಬಹುದಿತ್ತಲ್ಲ. ನಾನು ಅಂಟಿಸ್ತಿದ್ದೆ."

"ಟೇಪು ಅಂಟಿಸೋಕೂ ಹೆಂಡ್ತೀನ ಕರೀಬೇಕಾ ಅನ್ನಿಸ್ತು."

ವೈರಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಮಧ್ಯಾಹ್ನ ಆಕೆ ಬೋಲ್ಟಿನ ಸುತ್ತ ಟೇಪನ್ನು ಗುಂಡಗೆ ಅಂಟಿಸಿ, ಒಳಗಿನ ನಾಣ್ಯದಷ್ಟು ಜಾಗ ಮಾತ್ರ ಬಿಟ್ಟಳು. ಮರಳು ಕಾಗದ ಹಿಡಿದು ಕೆರೆದದ್ದು ಪೇಂಟರನೇ. ಉಜ್ಜುವಾಗ ಕೈ ನಡುಗಿದರೂ ನಷ್ಟವಿರಲಿಲ್ಲ. ಹಸಿರು ಹೋಯಿತು, ಕೆಳಗಿನ ಬೂದು ಪದರ ಪುಡಿಯಾಯಿತು, ಆಮೇಲೆ ತಗಡು ಬೆಳ್ಳಗೆ ಕಂಡಿತು. ಹಲ್ಲಿರುವ ವಾಷರ್ ಹಾಕಿ, ತುಕ್ಕು ಹಿಡಿಯದಂತೆ ಒಂದಿಷ್ಟು ಗ್ರೀಸು ಸವರಿ ಬೋಲ್ಟು ಬಿಗಿದರು. ಬಾಗಿಲೆಳೆದು ದೀಪ ಹಾಕಿದರೆ ಗೋಡೆಯ ಮೇಲೆ ಎರಡೂ ಕಡೆ ಒಂದೇ ಬಿಳುಪು. ಸೂಚಕ ದೀಪ ಹಾಕಿದರು. ದೊಡ್ಡ ದೀಪ ಜಗ್ಗಲಿಲ್ಲ.

"ಸರಿಹೋಯ್ತು ತಗೊ" ಎಂದ ಪೇಂಟರ್. ರೈಲು ಯಜಮಾನರಿಗೆ ಫೋನು ಮಾಡಿದರು. ಅವರು ಒಂದು ಗಂಟೆಯಲ್ಲಿ ಬರುತ್ತೇನೆ ಎಂದರು.

ಅವರು ಬರುವವರೆಗೆ ದೀಪ ಹಾಗೇ ಉರಿಯುತ್ತಿರಲಿ ಎಂದು ವೈರಕ್ಕ ಬಿಟ್ಟಿದ್ದಳು. ಹತ್ತು ನಿಮಿಷ ಕಳೆದಿರಬೇಕು. ಶೆಡ್ಡಿನ ಮೂಲೆಯಲ್ಲಿ ಕೂತು ಕಾಲು ಚಾಚಿದ್ದ ಪೇಂಟರ್ ಗೋಡೆಯನ್ನೇ ನೋಡುತ್ತಿದ್ದವನು, "ಇವಳೇ, ಬಲಗಡೇದು ಮತ್ತೆ ಇಳೀತಿದೆ" ಎಂದ.

"ಇಲ್ಲ, ನಿಮಗೆ ಹಾಗನ್ನಿಸ್ತಿದೆ."

"ಬಣ್ಣದ ವಿಷಯದಲ್ಲಿ ನನಗೆ ಅನ್ನಿಸೋದಿಲ್ಲ, ಕಾಣ್ಸುತ್ತೆ. ಆಗ ಹಾಲಿನ ಬಿಳಿ ಇತ್ತು, ಈಗ ಕೆನೆ ಬಿಳಿ."

ಆಕೆ ನೋಡಿದಳು. ಆಕೆಗೆ ಎರಡೂ ಒಂದೇ ತರಹ ಕಂಡಿತು. ಇನ್ನೂ ಐದು ನಿಮಿಷ ಕಾದ ಮೇಲೆ ಆಕೆಗೂ ಕಂಡಿತು: ಬಲಗಡೆ ಹಳದಿ. ದೀಪ ಆರಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಹಾಕಿದರೆ ಬಿಳುಪು. ಹತ್ತು ನಿಮಿಷಕ್ಕೆ ಮತ್ತೆ ಹಳದಿ.

ಕಾರ್ಖಾನೆಯ ತಪಾಸಣೆಯ ಮೇಜಿನಲ್ಲಿ ಆಕೆ ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದದ್ದು ಒಂದೇ ಮಾತು: ಬರುವ ದಾರಿ, ಹೋಗುವ ದಾರಿ, ಎರಡನ್ನೂ ಅಳೆಯದೆ ಬಾಯಿ ಬಿಡಬೇಡಿ. ಈ ಸಲ ಹೋಗುವ ದಾರಿಯಲ್ಲಿ ತಪ್ಪು ಸಿಕ್ಕಿದ ಕೂಡಲೇ ಮೀಟರನ್ನು ಕೆಳಗಿಟ್ಟಿದ್ದಳು. ಬರುವ ದಾರಿ ತನ್ನ ಕೈಯಿಂದಲೇ ಆದದ್ದು, ಅದನ್ನೇನು ಅಳೆಯುವುದು?

ಈಗ ಅಳೆದಳು. ದೀಪ ಬಿಸಿಯಾಗಿರುವಾಗಲೇ, ಮೀಟರಿನ ಕಡ್ಡಿಯನ್ನು ಬ್ಯಾಟರಿಯಿಂದ ಶುರುಮಾಡಿ ದಾರಿಯುದ್ದಕ್ಕೂ ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತ ಬಂದಳು. ಬ್ಯಾಟರಿಯಲ್ಲಿ ಹನ್ನೆರಡೂವರೆ. ಸ್ವಿಚ್ಚಿನ ಆಚೆ ಹನ್ನೆರಡರ ಮೇಲೆ. ಫ್ಯೂಸಿನ ಆಚೆ ಹನ್ನೆರಡು. ದೀಪದ ಹತ್ತಿರ ಒಂಬತ್ತೂವರೆ. ಫ್ಯೂಸಿನಿಂದ ದೀಪದವರೆಗೆ ಇರುವುದು ಒಂದೂವರೆ ಮಾರು ವೈರು, ನಡುವೆ ಒಂದೇ ಕೂಡು. ಬಾನೆಟ್ಟಿನ ಮೂಲೆಯಲ್ಲಿ, ಎರಡು ಲಗ್ಗುಗಳು ಒಂದರೊಳಗೊಂದು ಸೇರುವ ಜಾಗ. ಬೆರಳಿಟ್ಟಳು, ಚುರುಕ್ಕೆಂದಿತು.

ಆಕೆ ಅದನ್ನು ಬಿಚ್ಚಿ ಬಾಗಿಲಿನ ಬೆಳಕಿಗೆ ಹಿಡಿದು ನೋಡಿದಳು. ಲಗ್ಗು ಚೆನ್ನಾಗಿ ಒತ್ತಿಕೊಂಡಿತ್ತು. ಎಳೆದು ನೋಡಿದಳು, ಗಟ್ಟಿಯಾಗಿತ್ತು. ಸ್ವಲ್ಪ ಕಂದಾಗಿತ್ತೇನೋ. "ಇದರಲ್ಲಿ ಏನೂ ಇಲ್ಲ" ಎಂದಳು, ಆದರೆ ದನಿಯಲ್ಲಿ ಬಲವಿರಲಿಲ್ಲ.

ನಾದಿನಿ ಪಕ್ಕದಲ್ಲೇ ನಿಂತಿದ್ದಳು. "ಅತ್ತಿಗೆ, ಆರು ತಿಂಗಳಿಂದ ಸೂಜಿಗೆ ದಾರ ಪೋಣಿಸೋಕೆ ನನ್ನನ್ನೇ ಕರೀತೀರ. ಮಾತ್ರೆ ಚೀಟಿ ನನ್ನ ಕೈಲೇ ಓದಿಸ್ತೀರ. ನಾನು ಕೇಳಿದ್ರೆ 'ಬೆಳಕು ಕಮ್ಮಿ' ಅಂತೀರ. ನಡು ಹಗಲಲ್ಲಿ ಬೆಳಕು ಕಮ್ಮಿನಾ?" ಎಂದು ತನ್ನ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಕೊಟ್ಟಳು. "ಹಾಕ್ಕೊಂಡು ನೋಡಿ."

"ನನಗೆ ಬೇಡ."

"ಹಾಕ್ಕೊಳ್ಳೇ" ಎಂದ ಗಂಡ. ಮೆತ್ತಗೆ ಹೇಳಿದ.

ಹಾಕಿಕೊಂಡಳು. ಮೊದಲು ಕಂಡದ್ದು ತನ್ನ ಬೆರಳುಗಳ ಗೆರೆಗಳು. ಅವು ಅಷ್ಟು ಆಳವಾಗಿವೆ ಎಂದು ಗೊತ್ತಿರಲಿಲ್ಲ. ಆಮೇಲೆ ಲಗ್ಗು. ವೈರಿನ ಪ್ಲಾಸ್ಟಿಕ್ಕನ್ನು ಸಾಕಷ್ಟು ಸುಲಿದಿರಲಿಲ್ಲ. ತಾಮ್ರವನ್ನು ಹಿಡಿಯಬೇಕಾದ ಹಿತ್ತಾಳೆಯ ಕಿವಿಗಳು ಅರ್ಧಕ್ಕರ್ಧ ಪ್ಲಾಸ್ಟಿಕ್ಕಿನ ಮೇಲೆಯೇ ಒತ್ತಿಕೊಂಡಿದ್ದವು. ನಾಲ್ಕೈದು ಎಳೆ ತಾಮ್ರ ಮಾತ್ರ ಮುಟ್ಟುತ್ತಿತ್ತು, ಉಳಿದವು ಮಡಚಿ ಹೊರಗೆ ನಿಂತಿದ್ದವು. ಆ ನಾಲ್ಕೈದು ಎಳೆಯ ಮೇಲೆ ಇಡೀ ದೀಪದ ಭಾರ. ಬಿಸಿಯಾಗದೆ ಏನಾದೀತು? ಕಾರ್ಖಾನೆಯಲ್ಲಿ ಹೊಸಬರು ಮಾಡುವ ಮೊದಲ ವಾರದ ತಪ್ಪು ಅದು. ಅಂಥ ಲಗ್ಗುಗಳನ್ನು ಆಕೆ ಕತ್ತರಿಸಿ ಅವರ ಮೇಜಿನ ಮೇಲೇ ಇಟ್ಟು ಬರುತ್ತಿದ್ದಳು.

ಅಲ್ಲೇ ಇದ್ದ ಬಣ್ಣದ ಡಬ್ಬದ ಮೇಲೆ ಕೂತಳು.

ಪೇಂಟರ್ ಬಗ್ಗಿ ಲಗ್ಗನ್ನು ನೋಡಿದ. ಅವನಿಗೆ ಬಾಯಿ ತುಂಬ ಗಾದೆಗಳಿದ್ದವು. ತನ್ನ ತಟ್ಟೆಯ ಹೆಗ್ಗಣ ಬಿಟ್ಟು ಬೇರೆಯವರ ತಟ್ಟೆಯ ನೊಣ ಹುಡುಕಿದಳು ಎನ್ನಬಹುದಿತ್ತು. ಬೆಳಿಗ್ಗೆಯಾಗಿದ್ದರೆ ಖಂಡಿತ ಅನ್ನುತ್ತಿದ್ದ. ಈಗ, "ಎಷ್ಟಿವೆ ಒಟ್ಟು?" ಎಂದಷ್ಟೇ ಕೇಳಿದ.

"ನೂರಾ ಹನ್ನೆರಡು."

"ಸರಿ, ಶುರು ಮಾಡು. ನಾನು ನೋಡಿ ಹೇಳ್ತೀನಿ, ನೀನು ಒತ್ತು."

ಹೊರಗೆ ಗೇಟಿನ ಸದ್ದಾಯಿತು. ರೈಲು ಯಜಮಾನರು ನಗುತ್ತ ಒಳಗೆ ಬಂದರು. ವೈರಕ್ಕ ಎದ್ದು ನಿಂತು, ನಾದಿನಿಯ ಕನ್ನಡಕ ಮೂಗಿನ ಮೇಲೇ ಇಟ್ಟುಕೊಂಡು ಹೇಳಿದಳು: "ಯಜಮಾನ್ರೇ, ಇವತ್ತು ಕೊಡೋಕಾಗಲ್ಲ. ತಪ್ಪು ನನ್ನದು. ಒಂದು ಸಿಕ್ಕಿದೆ, ಇನ್ನೆಷ್ಟಿವೆಯೋ ಗೊತ್ತಿಲ್ಲ. ಎಲ್ಲಾ ಬಿಚ್ಚಿ ನೋಡ್ತೀನಿ."

ಯಜಮಾನರು ಲಗ್ಗನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ನನಗೇನೂ ಕಾಣಿಸ್ತಿಲ್ಲ" ಎಂದರು.

"ನನಗೂ ಕಾಣಿಸ್ತಿರ್ಲಿಲ್ಲ" ಎಂದಳು ವೈರಕ್ಕ. ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಎಲ್ಲರೂ ನಕ್ಕರು, ವೈರಕ್ಕ ಕೊನೆಗೆ.

ಅಲ್ಲಿಂದ ನಾಲ್ಕು ದಿನ ಹಿಡಿಯಿತು. ಮಾರನೆಯ ದಿನ ಬೆಳಿಗ್ಗೆ ನಾದಿನಿಯೇ ಆಕೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. "ಐದು ವರ್ಷದ ಹಿಂದೆ ಬರಬೇಕಿತ್ತು" ಎಂದು ಡಾಕ್ಟರು ಬೈದರು. ಕನ್ನಡಕ ಸಿದ್ಧವಾಗುವ ತನಕ ಪೇಂಟರ್ ಸ್ಟೂಲಿನ ಮೇಲೆ ಕೂತು ಒಂದೊಂದೇ ಲಗ್ಗನ್ನು ನೋಡಿ, "ಇದು ಸರಿ, ಇದು ಸರಿ, ಇದು ತೆಗಿ" ಎನ್ನುತ್ತಿದ್ದ. ನೂರಾ ಹನ್ನೆರಡರಲ್ಲಿ ಕೆಟ್ಟವು ಸಿಕ್ಕಿದ್ದು ನಾಲ್ಕು. ನಾಲ್ಕೂ ತೆಳ್ಳನೆಯ ವೈರಿನವು, ನಾಲ್ಕೂ ತಾಮ್ರಕ್ಕೆ ಹತ್ತಿರವಾದ ಕೆಂಪು ಅಥವಾ ಹಳದಿ ಬಣ್ಣದವು, ಆಕೆಯ ಕಣ್ಣಿಗೆ ತಾಮ್ರ ಎಲ್ಲಿ ಮುಗಿಯಿತು, ಪ್ಲಾಸ್ಟಿಕ್ ಎಲ್ಲಿ ಶುರುವಾಯಿತು ಎಂದು ತಿಳಿಯದಂಥವು. ಅವುಗಳಲ್ಲಿ ಒಂದು ಬ್ರೇಕ್ ದೀಪದ್ದು. ಅದನ್ನು ನೋಡಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಗಾಡಿಯವನಿಗೆ ದೀಪ ಕಾಣದೆ ಹೋಗಿದ್ದರೆ?

ಎರಡನೆಯ ಸಲ ತಪಾಸಣೆಗೆ ಹೋಗುವಾಗ ವೈರಕ್ಕ ಜೊತೆಗೆ ಹೋದಳು. ಅರ್ಧ ಗಂಟೆ ದೀಪ ಉರಿಸಿಕೊಂಡೇ ಸಾಲಿನಲ್ಲಿ ನಿಂತಿದ್ದಳು. ಹಿಂದಿನವರು "ಅಮ್ಮಾ, ಹಗಲಲ್ಲಿ ಲೈಟ್ ಹಾಕಿದ್ದೀರ" ಎಂದು ಹೇಳಿ ಹೇಳಿ ಸುಸ್ತಾದರು. ಪೆಟ್ಟಿಗೆ ಎರಡೂ ಕಡೆ ಒಂದೇ ಅಂಕಿ ತೋರಿಸಿತು. ಅದೇ ಅಧಿಕಾರಿ ಕಾಗದಕ್ಕೆ ಸಹಿ ಹಾಕಿ, "ಪೊರೆ ತೆಗೆಸಿದ್ರಾ?" ಎಂದ. ತನ್ನ ಹೊಸ ಕನ್ನಡಕವನ್ನು ನೋಡಿ ಕೇಳಿದನೋ ಕಾರಿನ ಬಗ್ಗೆ ಕೇಳಿದನೋ ಆಕೆಗೆ ತಿಳಿಯಲಿಲ್ಲ. "ಹೂಂ" ಎಂದಳು.

ಯಜಮಾನರು ಕಾರು ತೆಗೆದುಕೊಂಡು ಹೋದರು. ಅಲ್ಲಿಗೆ ಆ ಕೆಲಸ ಮುಗಿಯಿತು ಎಂದು ಪೇಂಟರ್ ಅಂದುಕೊಂಡ. ಮುಗಿದಿರಲಿಲ್ಲ. ಎರಡು ದಿನ ವೈರಕ್ಕ ಹೊಸ ಕೆಲಸಕ್ಕೆ ಕೈ ಹಾಕಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಳೆಯ ಕೆಲಸದ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು, ಹಿಂದಿನ ಎರಡು ವರ್ಷದ ಪುಟಗಳನ್ನು ತಿರುವಿದಳು.

"ಏನು ಹುಡುಕ್ತಿದ್ದೀಯ?" ಎಂದ ಗಂಡ.

"ಕಣ್ಣು ಮಂಜಾಗಿದ್ದು ಈ ಕಾರಿಗೆ ಮಾತ್ರ ಅಲ್ಲವಲ್ಲ. ಅದಕ್ಕೂ ಮೊದಲು ಏಳು ಗಾಡಿಗೆ ವೈರು ಹಾಕಿದ್ದೀನಿ."

"ಅವರು ಯಾರೂ ವಾಪಸ್ ಬಂದಿಲ್ಲ."

"ಬ್ರೇಕ್ ದೀಪ ಉರಿಯುತ್ತೋ ಇಲ್ವೋ ಅಂತ ಓಡಿಸೋರಿಗೆ ಹೇಗೆ ಗೊತ್ತಾಗ್ಬೇಕು?"

ಏಳೂ ಜನಕ್ಕೆ ಆಕೆಯೇ ಫೋನು ಮಾಡಿದಳು. ಫೋನು ಹಿಡಿದಾಗ ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದಳು, ಎದುರಿಗೇ ಯಾರೋ ಇದ್ದ ಹಾಗೆ. "ನಾನು ಹಾಕಿದ ವೈರಿನಲ್ಲಿ ತಪ್ಪಿರಬಹುದು. ತಂದು ಕೊಟ್ಟರೆ ನೋಡ್ತೀನಿ" ಎಂದು ಹೇಳುವುದು. ಒಬ್ಬರು ಗಾಡಿ ಮಾರಿಬಿಟ್ಟಿದ್ದರು, ಕೊಂಡವರ ನಂಬರು ಕೊಟ್ಟರು. ಒಬ್ಬರು "ಚೆನ್ನಾಗೇ ಓಡ್ತಿದೆ, ಕೆದಕಬೇಡಿ" ಎಂದು ಇಟ್ಟುಬಿಟ್ಟರು. ಅವರಿಗೆ ಆಕೆ ಮತ್ತೆ ಎರಡು ಸಲ ಮಾಡಿದಳು, ಮೂರನೆಯ ಸಲಕ್ಕೆ ಅವರು ಗಾಡಿ ತಂದರು. ಒಂದು ತಿಂಗಳು ಶೆಡ್ಡಿನಲ್ಲಿ ಹೊಸ ಕೆಲಸವೇ ಇಲ್ಲದೆ ಹಳೆಯ ಕೆಲಸವೇ ನಡೆಯಿತು. ಐದು ಗಾಡಿಗಳಲ್ಲಿ ಏನೂ ಇರಲಿಲ್ಲ. ಒಂದು ಟೆಂಪೋದ ಹಿಂದಿನ ದೀಪದಲ್ಲಿ ಅದೇ ತಪ್ಪು ಸಿಕ್ಕಿತು. ಅದನ್ನು ಕತ್ತರಿಸಿ ತೆಗೆದಾಗ ಆಕೆಯ ಮುಖದಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು ಎಂದು ನಾದಿನಿ ಇವತ್ತಿಗೂ ಹೇಳುತ್ತಾಳೆ.

ಕೊನೆಗೆ ಬಂದದ್ದು ಬೇಕರಿಯ ವ್ಯಾನು. ಚಾಲಕ ಬಾಯಿಬಡುಕ. ವೈರಕ್ಕ ಒಂದೊಂದೇ ಕೂಡು ಬಿಚ್ಚಿ ನೋಡುತ್ತ ಹೋದಂತೆ ಅವನು ಬಾಗಿಲಿಗೆ ಒರಗಿ ನಿಂತು ಮಾತಾಡುತ್ತಲೇ ಇದ್ದ. ಎರಡು ಗಂಟೆಯಾದ ಮೇಲೆ ಆಕೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಏನು ಸಿಕ್ತಕ್ಕ?"

"ಏನೂ ಇಲ್ಲ. ಎಲ್ಲಾ ಸರಿಯಾಗಿದೆ."

"ಮತ್ತೆ ಸುಮ್ನೆ ಎರಡು ಗಂಟೆ ನಿಲ್ಲಿಸಿದ್ರಲ್ಲ. ನನ್ನ ಬ್ರೆಡ್ ಎಲ್ಲಾ ಒಣಗ್ತು."

"ಒಣಗಿದ್ದನ್ನ ಇಲ್ಲೇ ಕೊಟ್ಟು ಹೋಗಪ್ಪ, ಚಹಾಕ್ಕೆ ಅದ್ದಿಕೊಂಡು ತಿಂತೀವಿ" ಎಂದ ಪೇಂಟರ್ ಒಳಗಿನಿಂದ. ಚಾಲಕ ನಿಜವಾಗಿಯೂ ಎರಡು ಪೊಟ್ಟಣ ಇಟ್ಟು ಹೋದ.

ವೈರಕ್ಕ ಪುಸ್ತಕದಲ್ಲಿ ಏಳನೆಯ ಸಾಲಿನ ಮುಂದೆ ಒಂದು ಗುರುತು ಹಾಕಿ ಅದನ್ನು ಕಪಾಟಿನಲ್ಲಿ ಇಟ್ಟಳು. ಆಮೇಲೆ ಒಲೆಯ ಮೇಲೆ ನೀರಿಟ್ಟು, ಮೂರು ಲೋಟ ತೊಳೆದಳು.